ರಾಬಿ ಕೀನ್: ಪ್ರವಾದವೂ ಪ್ರಮಾಣವೂ

ಗೋಲು ಹೊಡೆಯುವುದನ್ನೇ ವೃತ್ತಿಯಾಗಿ ಕೈಕೊಂಡ ಕಾಲ್ಚೆಂಡಿನ ಆಟಗಾರನ ಕೀರ್ತಿಗೆ ಒಂದು ವಿಶೇಷವಾದ ಅಪಾಯವುಂಟು. ಅವನ ಕೆಲಸವು ಅಂಕೆಗಳಲ್ಲಿ ಎಣಿಕೆಗೆ ಸಿಕ್ಕುವಂಥದಾದುದರಿಂದ, ಆ ಅಂಕೆಗಳನ್ನು ಕಂಡವರೆಲ್ಲರೂ ಅವನ ಜೀವನವನ್ನೇ ಅರಿತೆವೆಂದು ನಂಬಿಬಿಡುತ್ತಾರೆ. ಅಂಕೆಗಳನ್ನು ಕಾಣದವರು ಕಿವಿಗೆ ಬಿದ್ದ ಮಾತನ್ನೇ ಪ್ರಮಾಣವೆಂದು ಹಿಡಿಯುತ್ತಾರೆ. 1980ರ ಜುಲೈ 8ರಂದು ಡಬ್ಲಿನ್ನಿನಲ್ಲಿ ಹುಟ್ಟಿ, ಆ ನಗರದ ನೈಋತ್ಯದ ಅಂಚಿನಲ್ಲಿರುವ ಟಾಲಾ ಎಂಬ ಶ್ರಮಜೀವಿಗಳ ಬಡಾವಣೆಯಲ್ಲಿ ಬೆಳೆದು, ಐರ್ಲೆಂಡ್ ಗಣರಾಜ್ಯದ ಪರವಾಗಿ 146 ಪಂದ್ಯಗಳನ್ನಾಡಿ 68 ಗೋಲುಗಳನ್ನು ಗಳಿಸಿದ ರಾಬಿ ಕೀನನ ವಿಷಯದಲ್ಲಿ ಈ ಎರಡು ಬಗೆಯ ಅನ್ಯಾಯವೂ ನಡೆದಿದೆ. ಆತನು ಹಣದ ಬೆನ್ನುಹತ್ತಿ ಊರೂರು ಅಲೆದವನೆಂದೂ, ದುರ್ಬಲರ ಮೇಲೆ ಗೋಲು ಪೇರಿಸಿ ಲೆಕ್ಕ ಹೆಚ್ಚಿಸಿಕೊಂಡವನೆಂದೂ, ವಯಸ್ಸು ಇಳಿದ ಮೇಲೆ ವಿಶ್ರಾಂತಿಗಾಗಿ ಅಮೆರಿಕೆಗೆ ಹೋದವನೆಂದೂ ಪ್ರಚಾರದಲ್ಲಿರುವ ಮಾತುಗಳು ಎಷ್ಟರಮಟ್ಟಿಗೆ ನಿಜ, ಎಷ್ಟರಮಟ್ಟಿಗೆ ಸುಳ್ಳು ಎಂಬುದನ್ನು ಸಾವಧಾನವಾಗಿ ಪರಿಶೀಲಿಸುವುದು ಯುಕ್ತ.

ಮೊದಲಿಗೆ ಹೆಸರಿನಿಂದ ಹುಟ್ಟಿದ ಒಂದು ಭ್ರಮೆಯನ್ನು ಕಳೆದುಬಿಡೋಣ. ಮ್ಯಾಂಚೆಸ್ಟರ್ ಯುನೈಟೆಡ್ಡಿನ ನಾಯಕನಾಗಿದ್ದ ರಾಯ್ ಕೀನನೂ ಈ ರಾಬಿ ಕೀನನೂ ಅಣ್ಣತಮ್ಮಂದಿರೆಂದು ದೂರದ ದೇಶಗಳ ಪ್ರೇಕ್ಷಕರು ಅನೇಕರು ತಿಳಿದಿದ್ದಾರೆ. ರಾಯ್ ಕೀನ್ ದಕ್ಷಿಣದ ಕಾರ್ಕ್ ನಗರದವನು, ಮಧ್ಯಪಂಕ್ತಿಯ ಆಟಗಾರ, ವಯಸ್ಸಿನಲ್ಲಿ ಒಂಬತ್ತು ವರ್ಷ ಹಿರಿಯ. ಇಬ್ಬರೂ ಒಂದೇ ಮನೆಯವರಲ್ಲ. 2002ರ ವಿಶ್ವಕಪ್ಪಿಗೆ ಮುಂಚೆ ಸೈಪಾನ್ ದ್ವೀಪದ ಶಿಬಿರದಲ್ಲಿ ತರಬೇತುದಾರ ಮಿಕ್ ಮೆಕಾರ್ಥಿಯೊಡನೆ ಕಲಹವಾಗಿ ತಂಡವನ್ನು ಬಿಟ್ಟುಹೋದವನು ರಾಯ್. ಆ ನಾಯಕನಿಲ್ಲದ ತಂಡಕ್ಕೆ ಮುಂದಿನ ಮೂರು ವಾರ ಗೋಲುಗಳನ್ನು ಹೊಡೆದುಕೊಟ್ಟವನು ರಾಬಿ. 2013ರ ನಂತರ ರಾಯ್ ಕೀನ್ ರಾಷ್ಟ್ರೀಯ ತಂಡದ ಸಹಾಯಕ ತರಬೇತುದಾರನಾಗಿಯೂ ರಾಬಿ ಅದೇ ತಂಡದ ನಾಯಕನಾಗಿಯೂ ಒಂದೇ ಮೈದಾನದಲ್ಲಿ ಕಾಣಿಸಿಕೊಂಡದ್ದು ಈ ಭ್ರಮೆಗೆ ಇನ್ನಷ್ಟು ಇಂಬು ಕೊಟ್ಟಿರಬೇಕು.

ಇನ್ನು ಅಲೆಮಾರಿಯೆಂಬ ಅಪವಾದ. ಇದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವುದು. ಮೇಲುನೋಟಕ್ಕೆ ಸಾಕ್ಷ್ಯವೂ ಅದರ ಪರವಾಗಿಯೇ ಇದೆ. 1997ರ ಆಗಸ್ಟಿನಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ತಂಡಕ್ಕಾಗಿ ನಾರ್ವಿಚ್ಚಿನ ವಿರುದ್ಧ ಆಡಿದ ಮೊದಲ ಪಂದ್ಯದಲ್ಲೇ ಎರಡು ಗೋಲು ಹೊಡೆದ ಈ ಬಾಲಕನು 1999ರಲ್ಲಿ ಅರುವತ್ತು ಲಕ್ಷ ಪೌಂಡಿಗೆ ಕೊವೆಂಟ್ರಿ ಸಿಟಿಗೂ, 2000ದಲ್ಲಿ ಒಂದು ಕೋಟಿ ಮೂವತ್ತು ಲಕ್ಷ ಪೌಂಡಿಗೆ ಇಟಲಿಯ ಇಂಟರ್ ಮಿಲಾನಿಗೂ, ಆ ವರ್ಷದ ಡಿಸೆಂಬರಿನಲ್ಲಿ ಲೀಡ್ಸ್ ಯುನೈಟೆಡ್ಡಿಗೂ, 2002ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್‌ಗೂ ಹೋದನೆಂಬುದು ಸತ್ಯವೇ. ಐದು ವರ್ಷಗಳಲ್ಲಿ ಐದು ಅಂಗಿ! ಆದರೆ ಆಟಗಾರನು ಹೋದನೆಂಬುದು ಒಂದು ಸಂಗತಿ, ಏಕೆ ಹೋಗಬೇಕಾಯಿತೆಂಬುದು ಇನ್ನೊಂದು. ಎರಡನೆಯದನ್ನು ವಿಚಾರಿಸದೆ ಮೊದಲನೆಯದರಿಂದ ಶೀಲವನ್ನು ನಿರ್ಣಯಿಸುವುದು ನ್ಯಾಯವಲ್ಲ.

ಮಿಲಾನಿನ ಪ್ರಸಂಗವನ್ನೇ ನೋಡಿ. ಇಪ್ಪತ್ತು ವರ್ಷದ ಕೀನನನ್ನು ಬಯಸಿ ತರಿಸಿಕೊಂಡವನು ಮಾರ್ಚೆಲ್ಲೊ ಲಿಪ್ಪಿ. ಆ ಬೇಸಗೆಯಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್ ಎಂಬ ಸಣ್ಣ ತಂಡದೆದುರು ಸೋತು ಇಂಟರ್ ಚಾಂಪಿಯನ್ಸ್ ಲೀಗಿನಿಂದ ಹೊರಬಿದ್ದಿತು. ಅಕ್ಟೋಬರ್ ಒಂದರಂದು ಲೀಗಿನ ಮೊದಲನೆಯ ಪಂದ್ಯದಲ್ಲೇ ರೆಜ್ಜಿನಾಕ್ಕೆ ಶರಣಾಯಿತು. ಲಿಪ್ಪಿಯನ್ನು ಕೂಡಲೇ ವಜಾ ಮಾಡಲಾಯಿತು. ಆತನ ಸ್ಥಾನಕ್ಕೆ ಬಂದ ಮಾರ್ಕೊ ತಾರ್ದೆಲ್ಲಿಗೆ ಈ ಐರಿಷ್ ತರುಣನ ಅಗತ್ಯ ತೋರಲಿಲ್ಲ. ವಿಯೇರಿ, ರೆಕೋಬಾ, ಸಮೊರಾನೊ, ಹಕಾನ್ ಶುಕುರ್ ಇವರಂಥ ಅನುಭವಿಗಳು ಸಾಲಾಗಿ ಕಾದು ನಿಂತಿದ್ದ ಆ ತಂಡದಲ್ಲಿ ಕೀನ್ ಆಡಿದ್ದು ಲೀಗಿನ ಆರೇ ಪಂದ್ಯ. ಆರು ಪಂದ್ಯಗಳ ಮೇಲೆ ಒಬ್ಬನನ್ನು ವಿಫಲನೆಂದು ಸಾರುವ ವಿಮರ್ಶಕರು, ಲಾಜಿಯೊ ವಿರುದ್ಧದ ಇಟಲಿಯ ಸೂಪರ್ ಕಪ್ಪಿನಲ್ಲಿ ಆತನೂ ಒಂದು ಗೋಲು ಹೊಡೆದಿದ್ದನೆಂಬುದನ್ನು ಪ್ರಾಯಃ ಮರೆತೇಬಿಡುತ್ತಾರೆ.

ಲೀಡ್ಸಿನ ಕಥೆ ಇನ್ನೂ ಶೋಚನೀಯ. ಐರ್ಲೆಂಡಿನವನೇ ಆದ ಡೇವಿಡ್ ಒಲಿಯರಿಯ ಕೈಕೆಳಗೆ ಆತನು ಆ ವಸಂತದಲ್ಲಿ ಸೊಗಸಾಗಿ ಅರಳಿ, ಹದಿನೆಂಟು ಲೀಗ್ ಪಂದ್ಯಗಳಲ್ಲಿ ಒಂಬತ್ತು ಗೋಲು ಗಳಿಸಿದನು. ಆ ಕ್ಲಬ್ಬಾದರೋ ಮುಂದೆಂದೋ ಬರಲಿರುವ ಆದಾಯವನ್ನು ನಂಬಿ ಸಾಲವನ್ನು ಬೆಟ್ಟವಾಗಿ ಬೆಳೆಸಿಕೊಂಡಿತ್ತು. ಆ ಸಾಲದ ಭಾರಕ್ಕೆ 2002ರಲ್ಲಿ ರಿಯೊ ಫರ್ಡಿನೆಂಡನನ್ನು ಮಾರಿದರು, ಬೇಸಗೆ ಮುಗಿಯುವುದರೊಳಗೆ ಕೀನನನ್ನು ಕೊಂಡ ಬೆಲೆಗಿಂತ ಬಹಳ ಕಡಿಮೆಗೆ, ಎಪ್ಪತ್ತು ಲಕ್ಷ ಪೌಂಡಿಗೆ, ಬಿಟ್ಟುಕೊಟ್ಟರು. 2004ರಲ್ಲಿ ಕ್ಲಬ್ಬೇ ಮೇಲಿನ ಶ್ರೇಣಿಯಿಂದ ಕುಸಿಯಿತು. ಮನೆ ಹರಾಜಾದಾಗ ಹೊರಗೆ ಬಿದ್ದ ಪಾತ್ರೆಯನ್ನು ಚಂಚಲವೆಂದು ಯಾರಾದರೂ ದೂಷಿಸುವರೆ?

ಟಾಟನ್‌ಹ್ಯಾಮಿನಲ್ಲಿ ಆತನು ಉಳಿದದ್ದು ಆರು ವರ್ಷ. ಅಲೆಮಾರಿಯೆಂಬ ಮಾತನ್ನಾಡುವವರು ಈ ಆರು ವರ್ಷಗಳನ್ನು ಎಲ್ಲಿ ಇಡುತ್ತಾರೋ ನಾನರಿಯೆ. ಇಪ್ಪತ್ತೆರಡರಿಂದ ಇಪ್ಪತ್ತೆಂಟರವರೆಗೆ, ಸ್ಟ್ರೈಕರನ ಬಾಳಿನಲ್ಲಿ ಅತ್ಯಂತ ಫಲವತ್ತಾದ ಕಾಲವೆಲ್ಲವನ್ನೂ ಉತ್ತರ ಲಂಡನ್ನಿನ ಆ ಒಂದೇ ಕ್ಲಬ್ಬಿಗೆ ಒಪ್ಪಿಸಿ, ಬಲ್ಗೇರಿಯದ ದಿಮಿತಾರ್ ಬೆರ್ಬಾತೊವ್‌ನೊಡನೆ ಅಪೂರ್ವವಾದ ಹೊಂದಾಣಿಕೆಯನ್ನು ಸಾಧಿಸಿ, 2008ರ ಫೆಬ್ರವರಿಯಲ್ಲಿ ವೆಂಬ್ಲಿಯಲ್ಲಿ ಚೆಲ್ಸಿಯನ್ನು ಸೋಲಿಸಿದ ತಂಡದೊಡನೆ ಲೀಗ್ ಕಪ್ಪನ್ನು ಎತ್ತಿದನು. ಅಲ್ಲಿಗೆ ಮತ್ತೆ ಹಿಂದಿರುಗಿ ಆಡಿದ್ದನ್ನೂ ಸೇರಿಸಿದರೆ ಆ ಅಂಗಿಯಲ್ಲಿ ಆತನವು 306 ಪಂದ್ಯಗಳು, 122 ಗೋಲುಗಳು.

ನಡುವೆ ಬಂದದ್ದು ಲಿವರ್‌ಪೂಲ್. 2008ರ ಜುಲೈಯಲ್ಲಿ ಸುಮಾರು ಎರಡು ಕೋಟಿ ಪೌಂಡ್ ತೆತ್ತು ತರಿಸಿಕೊಂಡು, 2009ರ ಫೆಬ್ರವರಿಯ ಆದಿಯಲ್ಲೇ ಹಿಂದಕ್ಕೆ ಕಳುಹಿಸಿಬಿಟ್ಟರು. ಆರು ತಿಂಗಳಲ್ಲಿ 28 ಪಂದ್ಯ, 7 ಗೋಲು. ಇದನ್ನು ಯಶಸ್ಸೆಂದು ವಾದಿಸಲಾರೆ. ಆದರೆ ತರಬೇತುದಾರ ರಫಾಯೆಲ್ ಬೆನೀತೆಸನು ಆತನನ್ನು ಕೆಲವೊಮ್ಮೆ ಫರ್ನಾಂಡೊ ಟೊರೆಸನ ಹಿಂದೆ, ಕೆಲವೊಮ್ಮೆ ಎಡದಂಡೆಗೆ, ಕೆಲವೊಮ್ಮೆ ಮೀಸಲು ಬೆಂಚಿಗೆ ಸರಿಸುತ್ತಿದ್ದನೆಂಬುದೂ, ಕೀನನಾದರೋ ಜೊತೆಗಾರನ ಅಕ್ಕಪಕ್ಕದಲ್ಲಿ ಸುಳಿದಾಡುತ್ತ ಆತನ ಬಾಗಿದ ಭುಜದಿಂದ ಜಾರಿದ ಚೆಂಡನ್ನು ಹಿಡಿಯುವುದರಲ್ಲಿ ನಿಪುಣನಾಗಿದ್ದನೆಂಬುದೂ ಒಟ್ಟಿಗೆ ನೆನಪಿರಬೇಕು. ಕೌಶಲಕ್ಕೆ ತಕ್ಕ ಸ್ಥಾನ ದೊರೆಯದಿದ್ದಾಗ ಕೌಶಲವೇ ಇಲ್ಲವೆನ್ನುವುದು ದುಡುಕು.

ಈ ಅಲೆದಾಟಕ್ಕೆ ಅಂಟಿಕೊಂಡ ಒಂದು ಪರಿಹಾಸವೂ ಉಂಟು: ಹೋದ ಕ್ಲಬ್ಬನ್ನೆಲ್ಲ ತನ್ನ ಬಾಲ್ಯದ ಕನಸಿನ ಕ್ಲಬ್ಬೆಂದು ಕೀನ್ ಹೇಳುತ್ತಿದ್ದನೆಂದು. ಬ್ರಿಟನ್ನಿನ ಪತ್ರಿಕೆಗಳೂ ಪ್ರೇಕ್ಷಕರೂ ಈ ಮಾತನ್ನು ಸವೆಯುವವರೆಗೆ ಬಳಸಿದ್ದಾರೆ. ಐರ್ಲೆಂಡಿನ ಬಡಾವಣೆಗಳ ಬಾಲ್ಯವನ್ನು ಅರಿತವರಿಗೆ ಇದರಲ್ಲಿ ನಗತಕ್ಕದ್ದೇನೂ ಕಾಣದು. ಅಲ್ಲಿನ ಮಕ್ಕಳು ಐರಿಷ್ ಸಮುದ್ರದ ಆಚೆಗಿನ ಲಿವರ್‌ಪೂಲ್ ಅಥವಾ ಮ್ಯಾಂಚೆಸ್ಟರಿಗೆ ಒಲಿದಿರುವುದು ತಲೆಮಾರುಗಳಿಂದ ಬಂದ ರೂಢಿ; ಅದರ ಜೊತೆಗೇ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬಿನ ಮೇಲೂ ಅವರಿಗೆ ಪ್ರೀತಿ, ಏಕೆಂದರೆ ಆ ಕ್ಲಬ್ಬನ್ನು 1887ರಲ್ಲಿ ಕಟ್ಟಿದವನು ಐರ್ಲೆಂಡಿನ ಸ್ಲೈಗೊ ಸೀಮೆಯಿಂದ ಹೋದ ಬ್ರದರ್ ವಾಲ್‌ಫ್ರಿಡ್ ಎಂಬ ಸನ್ಯಾಸಿ, ಕಟ್ಟಿದ್ದು ಅಲ್ಲಿಗೆ ವಲಸೆಹೋದ ಐರಿಷ್ ಬಡವರ ಹೊಟ್ಟೆಗೆ ಅನ್ನ ಒದಗಿಸುವುದಕ್ಕಾಗಿ. ಒಬ್ಬ ಡಬ್ಲಿನ್ ಹುಡುಗನ ಹೃದಯದಲ್ಲಿ ಇವೆರಡಕ್ಕೂ ಏಕಕಾಲದಲ್ಲಿ ಎಡೆಯಿರುವುದು ಕಪಟವಲ್ಲ. 2010ರ ಮೊದಲರ್ಧವನ್ನು ಸೆಲ್ಟಿಕ್‌ನಲ್ಲಿ ಎರವಲು ಆಟಗಾರನಾಗಿ ಕಳೆದಾಗ ಆತನು 19 ಪಂದ್ಯಗಳಲ್ಲಿ 16 ಗೋಲು ಹೊಡೆದನು. ಆ ಪ್ರೀತಿ ನಟನೆಯಾಗಿತ್ತೇ ಎಂಬುದನ್ನು ಆ ಗೋಲುಗಳಿಂದಲೇ ಅಳೆಯಬಹುದು.

ಇದಕ್ಕಿಂತ ಗಂಭೀರವಾದ ಆಕ್ಷೇಪವೆಂದರೆ ರಾಷ್ಟ್ರೀಯ ತಂಡದ ಗೋಲುಗಳನ್ನು ಕುರಿತದ್ದು. ಅರುವತ್ತೆಂಟು ಗೋಲುಗಳೇನೋ ನಿಜ, ಆದರೆ ಅವೆಲ್ಲ ಮಾಲ್ಟಾ, ಫ್ಯಾರೋ ದ್ವೀಪಗಳು, ಸಾನ್ ಮರೀನೊ, ಜಿಬ್ರಾಲ್ಟರ್ ಮುಂತಾದ ಪುಟ್ಟ ನಾಡುಗಳ ಮೇಲೆ ಹೊಡೆದವಲ್ಲವೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪದಲ್ಲಿ ಸತ್ಯದ ಅಂಶವಿರುವುದರಿಂದಲೇ ಅದಕ್ಕೆ ವಿವರವಾಗಿ ಉತ್ತರ ಹೇಳಬೇಕಾಗಿದೆ. ಆತನ ಮೊದಲ ಎರಡು ಗೋಲುಗಳು 1998ರ ಅಕ್ಟೋಬರಿನಲ್ಲಿ ಮಾಲ್ಟಾದ ಮೇಲೆ ಬಂದವೇ. 2014ರಲ್ಲಿ ಜಿಬ್ರಾಲ್ಟರಿನ ಮೇಲೆ ಮೊದಲ ಹದಿನೆಂಟು ನಿಮಿಷಗಳಲ್ಲಿ ಮೂರು ಗೋಲು ಹೊಡೆದದ್ದೂ ನಿಜವೇ. ಆದರೆ ಅರ್ಹತಾ ಪಂದ್ಯಗಳ ಗುಂಪಿನಲ್ಲಿ ಇಂಥ ನಾಡುಗಳು ಯೂರೋಪಿನ ಎಲ್ಲ ದೇಶಗಳಿಗೂ ಎದುರಾಗುತ್ತವೆ, ಐರ್ಲೆಂಡಿನ ಹಿಂದಿನ ಸ್ಟ್ರೈಕರರಿಗೂ ಎದುರಾಗಿದ್ದವು. ಹಾಗಿದ್ದೂ ಕೀನನಿಗಿಂತ ಮೊದಲು ಆ ದೇಶದ ದಾಖಲೆಯನ್ನು ಹೊಂದಿದ್ದ ನೈಯಲ್ ಕ್ವಿನ್ನನ ಒಟ್ಟು ಗೋಲುಗಳು 21. ಆ ದಾಖಲೆಯನ್ನು ಕೀನ್ 2004ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲೇ ದಾಟಿ, ಕೊನೆಗೆ ಅದರ ಮೂರರಷ್ಟನ್ನೂ ಮೀರಿ ನಿಂತನು.

ಇನ್ನು ಬಲಾಢ್ಯರ ವಿಷಯ. 2000ದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನೆದರ್‌ಲೆಂಡ್ಸಿನ ಮೇಲೆ ಒಂದು ಗೋಲು. 2004ರಲ್ಲಿ ಅದೇ ಆಮ್‌ಸ್ಟರ್‌ಡ್ಯಾಮಿನಲ್ಲಿ, ಅದೇ ನೆದರ್‌ಲೆಂಡ್ಸಿನ ಮೇಲೆ ಪಂದ್ಯದ ಏಕೈಕ ಗೋಲು. 2009ರಲ್ಲಿ ಬಾರಿಯಲ್ಲಿ, ಆಗಿನ ವಿಶ್ವವಿಜೇತ ಇಟಲಿಯ ಮೇಲೆ ಕೊನೆಯ ಕ್ಷಣಗಳಲ್ಲಿ ಸಮಬಲ ತಂದ ಗೋಲು. ಇವೆಲ್ಲಕ್ಕೂ ಮಿಗಿಲಾಗಿ 2002ರ ಜೂನ್ 5ರಂದು ಜಪಾನಿನ ಇಬರಾಕಿಯಲ್ಲಿ ಜರ್ಮನಿಯ ವಿರುದ್ಧ ನಡೆದದ್ದು. ಕ್ಲೋಸೆಯ ಗೋಲಿನಿಂದ ಹಿಂದೆ ಬಿದ್ದಿದ್ದ ಐರ್ಲೆಂಡು ಪಂದ್ಯದ ನಿಗದಿತ ಕಾಲವೆಲ್ಲ ಮುಗಿಯುವವರೆಗೂ ಹೆಣಗಿತು. ತೊಂಬತ್ತೆರಡನೆಯ ನಿಮಿಷದಲ್ಲಿ ಸ್ಟೀವ್ ಫಿನನ್ ಉದ್ದಕ್ಕೆ ಎತ್ತಿದ ಚೆಂಡನ್ನು ನೈಯಲ್ ಕ್ವಿನ್ ತಲೆಯಿಂದ ಇಳಿಸಿಕೊಟ್ಟಾಗ, ಕೀನ್ ಅದನ್ನು ಎದೆಗುಂದದೆ ಮುಂದಕ್ಕೊಯ್ದು, ಆ ಕೂಟದ ಶ್ರೇಷ್ಠ ಆಟಗಾರನೆಂದು ಮುಂದೆ ಪುರಸ್ಕೃತನಾದ ಗೋಲುಗಾವಲುಗಾರ ಒಲಿವರ್ ಕಾನನ ಕೈ ತಾಗಿಯೂ ನಿಲ್ಲದಂಥ ಬಿರುಸಿನಿಂದ ಹೊಡೆದನು. ಚೆಂಡು ಕಂಬಕ್ಕೆ ಬಡಿದು ಒಳಸೇರಿತು. ಅಂತಿಮ ಪಂದ್ಯವನ್ನು ತಲಪುವವರೆಗೆ ಜರ್ಮನಿಯ ಬಲೆಯೊಳಗೆ ಬಿದ್ದ ಗೋಲು ಅದೊಂದೇ. ಹನ್ನೊಂದು ದಿನಗಳ ಮೇಲೆ ಸುವೊನ್‌ನಲ್ಲಿ ಸ್ಪೇನಿನ ವಿರುದ್ಧ, ಇಯಾನ್ ಹಾರ್ಟ್ ಆಗಲೇ ಒಂದು ಪೆನಾಲ್ಟಿಯನ್ನು ಕಳೆದುಕೊಂಡಿದ್ದ ಪಂದ್ಯದ ತೊಂಬತ್ತನೆಯ ನಿಮಿಷದಲ್ಲಿ, ಇಪ್ಪತ್ತೊಂದು ವರ್ಷದ ಈ ತರುಣನು ಕಾಸಿಯಸನೆದುರು ಚೆಂಡನ್ನಿಟ್ಟು ಗುರಿತಪ್ಪದೆ ಹೊಡೆದನು. ಮುಂದೆ ಪೆನಾಲ್ಟಿಗಳ ಸರಣಿಯಲ್ಲಿ ಐರ್ಲೆಂಡು ಸೋತಿತು. ಅಲ್ಲಿಯೂ ಕೀನನ ಹೊಡೆತ ವ್ಯರ್ಥವಾಗಲಿಲ್ಲ. ದುರ್ಬಲರ ಮೇಲಷ್ಟೇ ಆಡುವವನಿಗೆ ಇಂಥ ಗಳಿಗೆಗಳು ಒದಗುವುದಿಲ್ಲ.

ಫ್ರಾನ್ಸಿನ ವಿರುದ್ಧ ಪ್ಯಾರಿಸ್ಸಿನಲ್ಲಿ ನಡೆದ ಅರ್ಹತಾ ಪಂದ್ಯದ ಬಗೆಗಿರುವ ತಪ್ಪು ತಿಳಿವಳಿಕೆ ಬೇರೊಂದು ಜಾತಿಯದು. ಅದು ಐರ್ಲೆಂಡಿನ ಪರವಾದದ್ದು. 2009ರ ನವೆಂಬರ್ 18ರಂದು ತಿಯರಿ ಹೆನ್ರಿ ಕೈಯಿಂದ ಚೆಂಡನ್ನು ತಡೆದಿರದಿದ್ದರೆ ಐರ್ಲೆಂಡು ದಕ್ಷಿಣ ಆಫ್ರಿಕದ ವಿಶ್ವಕಪ್ಪಿಗೆ ಹೋಗಿಯೇಬಿಡುತ್ತಿತ್ತೆಂದು ಜನ ನಂಬಿದ್ದಾರೆ. ಎರಡು ಪಂದ್ಯಗಳ ಆ ಹಣಾಹಣಿಯ ಮೊದಲನೆಯದನ್ನು ಡಬ್ಲಿನ್ನಿನಲ್ಲಿ ಫ್ರಾನ್ಸ್ ಒಂದು ಗೋಲಿನಿಂದ ಗೆದ್ದಿತ್ತು. ಪ್ಯಾರಿಸ್ಸಿನಲ್ಲಿ ಡೇಮಿಯನ್ ಡಫ್ ಒದಗಿಸಿದ ಚೆಂಡನ್ನು ಕೀನ್ ಮೂವತ್ತಮೂರನೆಯ ನಿಮಿಷದಲ್ಲಿ ಗೋಲಾಗಿಸಿ ಲೆಕ್ಕವನ್ನು ಸಮಗೊಳಿಸಿದನು. ಹೆನ್ರಿಯ ಕೈ ತಾಗಿದ ಚೆಂಡಿನಿಂದ ಗಾಲಾಸ್ ಗೋಲು ಹೊಡೆದದ್ದು ಹೆಚ್ಚುವರಿ ಅವಧಿಯಲ್ಲಿ. ಆ ಅನ್ಯಾಯ ನಡೆಯದಿದ್ದರೂ ಲೆಕ್ಕ ಸಮವಾಗಿಯೇ ಇರುತ್ತಿತ್ತು, ನಿರ್ಣಯ ಬಹುಶಃ ಪೆನಾಲ್ಟಿಗಳಿಗೆ ಹೋಗುತ್ತಿತ್ತು. ಅದಕ್ಕೆ ಮೊದಲು ಸ್ವತಃ ಕೀನನೇ ಗೋಲುಗಾವಲುಗಾರ ಲೋರಿಸನನ್ನು ಸುತ್ತುಹಾಕಿಯೂ ಚೆಂಡನ್ನು ಗೆರೆಯಾಚೆಗೆ ಹೋಗಗೊಟ್ಟಿದ್ದನು. ಅನ್ಯಾಯವು ಅನ್ಯಾಯವೇ, ಆದರೆ ಅದರ ಗದ್ದಲದಲ್ಲಿ ಆ ರಾತ್ರಿ ಐರಿಷ್ ತಂಡ ಆಡಿದ ಆಟದ ಸೊಗಸೂ ಕೀನನ ಗೋಲೂ ಮರೆತುಹೋದದ್ದು ನನಗೆ ಇನ್ನೂ ದುಃಖದ ಸಂಗತಿ.

ಅಮೆರಿಕೆಯ ವಿಶ್ರಾಂತಿಯೆಂಬ ಮಾತಿಗೆ ಹೆಚ್ಚು ಕಾಲ ಬೇಕಿಲ್ಲ. ಅಲ್ಲಿನ ಲೀಗು ಇಂಗ್ಲೆಂಡಿನದಕ್ಕೆ ಸಮನಲ್ಲವೆಂಬುದನ್ನು ಒಪ್ಪೋಣ. 2011ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್ ಗ್ಯಾಲಕ್ಸಿಗೆ ಸೇರಿದ ಕೀನ್ 2011, 2012, 2014ರಲ್ಲಿ ಆ ತಂಡದೊಡನೆ ಎಂಎಲ್‌ಎಸ್ ಕಪ್ ಗೆದ್ದನು. ಮೂರನೆಯದರ ಅಂತಿಮ ಪಂದ್ಯದಲ್ಲಿ ಹೆಚ್ಚುವರಿ ಅವಧಿಯ ವಿಜಯದ ಗೋಲು ಆತನದೇ. ಮೂವತ್ತನಾಲ್ಕರ ಆ ವರ್ಷ 19 ಗೋಲು ಹೊಡೆದು, ಇನ್ನು 14 ಗೋಲುಗಳಿಗೆ ದಾರಿಮಾಡಿ, ಲೀಗಿನ ಅತ್ಯಮೂಲ್ಯ ಆಟಗಾರನೆಂದು ಗೌರವ ಪಡೆದನು. 2012ರ ಜನವರಿಯಲ್ಲಿ ಅಮೆರಿಕೆಯ ಆಟಕ್ಕೆ ಬಿಡುವಿದ್ದಾಗಲೂ ವಿರಮಿಸದೆ ಆಸ್ಟನ್ ವಿಲ್ಲಾಕ್ಕೆ ಎರವಲಾಗಿ ಹೋಗಿ, ತನ್ನ ಮೊದಲ ಕ್ಲಬ್ಬಿನ ಮೈದಾನದಲ್ಲೇ ಎರಡು ಗೋಲು ಹೊಡೆದನು. ವಿಶ್ರಾಂತಿಗೆ ಹೋದವನ ದಿನಚರಿ ಹೀಗಿರುವುದಿಲ್ಲ.

ನಮ್ಮ ದೇಶದ ಪ್ರೇಕ್ಷಕರು ಆತನನ್ನು ಕಂಡದ್ದು 2017-18ರಲ್ಲಿ, ಕೊಲ್ಕತ್ತದ ಎಟಿಕೆ ತಂಡದಲ್ಲಿ; ಇಲ್ಲಿಗೆ ಬಂದವನು ಹೆಸರಿಗೆ ಮಾತ್ರ ಕೀನ್ ಎಂದು ಆಗ ಹಲವರು ಹೇಳಿದರು. ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗನ್ನು ಪ್ರವೇಶಿಸಿದ ಮೊದಲ ವರ್ಷವೇ ಪಟ್ಟಿಯ ಶಿಖರದಲ್ಲಿ ನಿಂತ ಋತು ಅದು. ಎಟಿಕೆಯಾದರೋ ಹತ್ತು ತಂಡಗಳಲ್ಲಿ ಒಂಬತ್ತನೆಯದಾಗಿ ಮುಗಿಸಿತು. ಟಾಟನ್‌ಹ್ಯಾಮಿನಲ್ಲಿ ಕೀನನ ಜೊತೆಗಾರನಾಗಿದ್ದ ಟೆಡ್ಡಿ ಶೆರಿಂಗ್‌ಹ್ಯಾಮ್ ತರಬೇತುದಾರನಾಗಿ ಬಂದು ನಡುವೆಯೇ ನಿರ್ಗಮಿಸಿದನು. ಬೆಂಗಳೂರು ಎಫ್‌ಸಿಗೆ ಎರಡು ಐ-ಲೀಗ್ ಪ್ರಶಸ್ತಿಗಳನ್ನು ಗಳಿಸಿಕೊಟ್ಟಿದ್ದ ಆಶ್ಲಿ ವೆಸ್ಟ್‌ವುಡ್ ಆ ಹೊಣೆಯನ್ನು ಹೊತ್ತು ಆತನೂ ತೊಲಗಿದನು. ಕಡೆಗೆ ಆಡುತ್ತಿದ್ದ ಕೀನನ ಹೆಗಲಿಗೇ ತರಬೇತಿಯ ಭಾರವೂ ಬಿದ್ದಿತು. ಮೂವತ್ತೇಳು ದಾಟಿದ್ದ, ಗಾಯದಿಂದ ಆರಂಭದ ಪಂದ್ಯಗಳನ್ನು ಕಳೆದುಕೊಂಡಿದ್ದ ಆತನೇ ಆ ಸೋಲುತ್ತಿದ್ದ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನು. ಆ ಹೊಣೆ ಕೆಲವೇ ವಾರಗಳದಾದರೂ ಆತನು ಮುಂದೆ ಹಿಡಿದ ದಾರಿಯ ಮೊದಲ ಮೆಟ್ಟಿಲು ಅದೇ: ಐರ್ಲೆಂಡ್, ಮಿಡಲ್ಸ್‌ಬ್ರೊ, ಲೀಡ್ಸ್ ತಂಡಗಳಲ್ಲಿ ಸಹಾಯಕನಾಗಿ ದುಡಿದು, 2024ರಲ್ಲಿ ಮಕಾಬಿ ಟೆಲ್ ಅವೀವ್ ತಂಡಕ್ಕೆ ಇಸ್ರೇಲಿನ ಲೀಗನ್ನೂ, 2025ರಲ್ಲಿ ಬುಡಾಪೆಸ್ಟಿನ ಫೆರೆನ್ಸ್‌ವಾರೋಷ್ ತಂಡಕ್ಕೆ ಹಂಗೆರಿಯ ಲೀಗನ್ನೂ ಆತನು ಮುಖ್ಯ ತರಬೇತುದಾರನಾಗಿ ಗೆದ್ದುಕೊಟ್ಟನು.