ಓಡುವ ರೂಪ, ನಿಲ್ಲುವ ಲೆಕ್ಕ

2005ರಲ್ಲಿ ಭಾರತದ ರಸ್ತೆಗಿಳಿದ ಮಾರುತಿ ಸ್ವಿಫ್ಟ್ ನಿಂತಲ್ಲೇ ಓಡುವಂತೆ ಕಾಣುತ್ತಿತ್ತು. ನಮ್ಮದು ಮರುವರ್ಷದ್ದು. 1298 ಸಿ.ಸಿ. ಎಂಜಿನ್ ಇನ್ನೂ ಹುರುಪಾಗಿದೆ. ಲೈಸೆನ್ಸ್ ಸಿಕ್ಕ ಮಗ ಕೀ ಕೇಳಿದಾಗ ಒಂದು ಲೆಕ್ಕ ಕೊಟ್ಟೆ: ಗಂಟೆಗೆ 40 ಕಿ.ಮೀ. ವೇಗ 80 ಆದರೆ ಚಲನಶಕ್ತಿ ಎಷ್ಟು ಪಟ್ಟು?

'ಎರಡು' ಎಂದ. ಅಲ್ಲ, ನಾಲ್ಕು! ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಣರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುವ ಕಾರಿಗೆ ಆಗ 36 ಮೀಟರ್ ಬೇಕು. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ನಮ್ಮ ಕಾರಿನಲ್ಲಿಲ್ಲ.

ಇಬ್ಬರೂ ಟೈರಿನ ಬದಿ ನೋಡಿದೆವು. '2314' ಎಂದಿತ್ತು, 2014ರ 23ನೇ ವಾರ ತಯಾರಾದದ್ದು. ಗೀರುಗಳು ಆಳವಾಗಿದ್ದರೂ ರಬ್ಬರ್ ಗಡುಸಾಗಿ ಬಿರುಕು ಬಿಟ್ಟಿತ್ತು. ನಾಲ್ಕನ್ನೂ ಬದಲಿಸಿದ ಮೇಲೆಯೇ ಕೀ ಕೊಟ್ಟೆ.

ಪಾಲಕರೇ, ಹಳೆಯ ಕಾರಿಗೆ ಬಣ್ಣ ಹೊಡೆಸುವ ಮೊದಲು ಈ ನಾಲ್ಕಂಕಿ ಓದಿ. ಮಕ್ಕಳಿಂದಲೇ ಓದಿಸಿದರೆ ಇನ್ನೂ ಒಳ್ಳೆಯದು.