ಟ್ರ್ಯಾಕ್ಟರ್ ಕೆಳಗಿನ ಆಯಿಲ್ ಕಲೆಯನ್ನು ಕಡೆಗಣಿಸಬೇಡಿ



ಟ್ರ್ಯಾಕ್ಟರ್ ರಿಪೇರಿಯ ವಿಷಯವನ್ನು ಪಶುವೈದ್ಯರು ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಇಷ್ಟೇ: ನಮ್ಮ ಬಹಳಷ್ಟು ಮನೆಗಳಲ್ಲಿ ಟ್ರ್ಯಾಕ್ಟರ್ ನಿಲ್ಲುವುದು ಕೊಟ್ಟಿಗೆಯ ಮಗ್ಗುಲಲ್ಲಿ. ಹಸಿಮೇವು ಇಳಿಸುವುದೂ ಅಲ್ಲೇ, ಕರು ಬಿಚ್ಚಿಕೊಂಡು ಓಡಾಡುವುದೂ ಅಲ್ಲೇ. ಹಳೆಯ ಟ್ರ್ಯಾಕ್ಟರಿನ ಪವರ್ ಸ್ಟೀರಿಂಗ್ ಸೋರಲು ಶುರುವಾದರೆ ಆ ಆಯಿಲ್ ಮೇವಿಗೆ, ನೀರಿಗೆ, ಹಸುವಿನ ನಾಲಿಗೆಗೆ ತಲುಪಲು ಹೆಚ್ಚು ದೂರವಿಲ್ಲ. ಬೆಳಗ್ಗೆ ಅಂಗಳ ಗುಡಿಸುವಾಗ ಆ ಕಲೆ ಮೊದಲು ಕಾಣುವುದು ನಿಮಗೇ. ಸೋರುತ್ತಿರುವುದು ಎಲ್ಲಿಂದ, ಅದಕ್ಕೆ ಸರಿಯಾದ ರಿಪೇರಿ ಯಾವುದು ಎಂದು ನಿಮಗೆ ಗೊತ್ತಿದ್ದರೆ ಮೆಕ್ಯಾನಿಕ್ ಹತ್ತಿರ ಧೈರ್ಯವಾಗಿ ಮಾತನಾಡಬಹುದು, ಸಣ್ಣ ಕೆಲಸವನ್ನು ನೀವೇ ಮಾಡಿಕೊಳ್ಳಲೂಬಹುದು.

ಒಳಗೆ ಇರುವುದೇನು?

ಪವರ್ ಸ್ಟೀರಿಂಗ್‌ನಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ. ಎಂಜಿನ್ ಓಡಿಸುವ ಒಂದು ಪಂಪು, ಸ್ಟೀರಿಂಗ್ ಕಂಬದ ಬುಡದಲ್ಲಿ ಆಯಿಲ್ಲನ್ನು ಎಡಕ್ಕೋ ಬಲಕ್ಕೋ ಕಳಿಸುವ ಘಟಕ, ಮುಂದಿನ ಆಕ್ಸೆಲ್ ಹತ್ತಿರ ಗಾಲಿಗಳನ್ನು ತಳ್ಳುವ ಸಿಲಿಂಡರ್, ಇವುಗಳನ್ನು ಜೋಡಿಸುವ ಹೋಸ್ ಪೈಪುಗಳು. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಇದಕ್ಕೆ ಬೇರೆ ಆಯಿಲ್ ಡಬ್ಬಿ ಇರುತ್ತದೆ, ಕೆಲವದರಲ್ಲಿ ಹೈಡ್ರಾಲಿಕ್ ಆಯಿಲ್ಲೇ ಇಲ್ಲಿಗೂ ಬರುತ್ತದೆ.

ಮುಂದಿನ ಟೈರಿನಲ್ಲಿ ಇರುವ ಗಾಳಿಯ ಒತ್ತಡ ಸುಮಾರು 2 ಬಾರ್. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಿಡಿದಾಗ ಈ ಹೋಸಿನೊಳಗಿನ ಒತ್ತಡ 100 ಬಾರ್ ದಾಟಬಹುದು, ಅಂದರೆ ಟೈರಿನ ಐವತ್ತು ಪಟ್ಟು. ಹಾಗಾಗಿ ಹಳೆಯ ಸೈಕಲ್ ಟ್ಯೂಬ್ ಸುತ್ತುವುದು, ತಂತಿ ಬಿಗಿಯುವುದು, ಅಂಟು ಹಚ್ಚುವುದು ಇಲ್ಲಿ ನಿಲ್ಲುವುದಿಲ್ಲ. ಇಂಥ ಟ್ರ್ಯಾಕ್ಟರ್‌ಗಳಲ್ಲಿ ಸ್ಟೀರಿಂಗ್ ಚಕ್ರಕ್ಕೂ ಗಾಲಿಗೂ ನಡುವೆ ಸಾಮಾನ್ಯವಾಗಿ ಕಬ್ಬಿಣದ ಸರಳಿನ ಸಂಪರ್ಕ ಇರುವುದಿಲ್ಲ, ಇರುವುದು ಆಯಿಲ್ ಮಾತ್ರ. ಮೇವು ತುಂಬಿದ ಟ್ರೈಲರ್ ಎಳೆದುಕೊಂಡು ಕೆರೆ ಏರಿಯ ಮೇಲೆ ಬರುವಾಗ ಹೋಸ್ ಒಡೆದರೆ, ಚಕ್ರ ತಿರುಗಿಸಿದರೂ ಗಾಲಿ ತಿರುಗದೆ ಹೋಗಬಹುದು.

ಸೋರುವ ಜಾಗ ಹುಡುಕುವುದು ಹೇಗೆ?

ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಹೋಸ್, ಸಿಲಿಂಡರ್, ಪಂಪು ಎಲ್ಲವನ್ನೂ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒರೆಸಿದ ಜಾಗದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ತೆಳುವಾಗಿ ಉದುರಿಸಿ. ರಂಗೋಲಿ ಪುಡಿ ಬೇಡ, ಅದರ ಹರಳು ಸೀಲನ್ನು ಕೆರೆಯುತ್ತದೆ. ಟ್ರ್ಯಾಕ್ಟರ್ ಕೆಳಗೆ ಒಂದು ರಟ್ಟು ಹಾಸಿ.

ಈಗ ಒಬ್ಬರು ಸೀಟಿನಲ್ಲಿ ಕೂತು ಎಂಜಿನ್ ನಿಧಾನವಾಗಿ ಓಡಿಸುತ್ತಾ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಲಿ. ನೀವು ಗಾಲಿಯಿಂದ ದೂರ ನಿಂತು ನೋಡಿ. ಸೆರಗು ಸಿಕ್ಕಿಸಿ, ಜಡೆ ಮೇಲೆ ಕಟ್ಟಿರಿ. ಫ್ಯಾನ್ ಬೆಲ್ಟ್‌ಗೆ ಬಟ್ಟೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಪೌಡರ್ ಮೊದಲು ಎಲ್ಲಿ ಒದ್ದೆಯಾಗುತ್ತದೋ ಸೋರಿಕೆ ಅಲ್ಲಿದೆ. ಆಯಿಲ್ ಕೆಳಗಿಳಿದು ಬೇರೆ ಕಡೆ ತೊಟ್ಟಿಕ್ಕುತ್ತದೆ, ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದನ್ನು ಗಮನಿಸಿ.

ಎಂಜಿನ್ ಓಡುವಾಗ ಕೈಯಿಂದ ಸವರಿ ಸೋರಿಕೆ ಹುಡುಕಲೇಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಿಂದ ಚಿಮ್ಮುವ ಆಯಿಲ್ ಚರ್ಮವನ್ನು ಇಂಜೆಕ್ಷನ್ ಸೂಜಿಯಂತೆ ತೂರಿ ಒಳಹೋಗುತ್ತದೆ. ಮೊದಲು ಸೂಜಿ ಚುಚ್ಚಿದಷ್ಟೇ ಗುರುತು ಇರುತ್ತದೆ, ನೋವೂ ಅಷ್ಟಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಬೆರಳು ಊದಿ, ಒಳಗಿನ ಮಾಂಸ ಕೊಳೆಯತೊಡಗುತ್ತದೆ. ಹೀಗಾದರೆ ಅರಿಶಿನ ಹಚ್ಚಿ ಕಾಯಬೇಡಿ. ತಕ್ಷಣ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ‘ಒತ್ತಡದ ಆಯಿಲ್ ಒಳಗೆ ಹೋಗಿದೆ’ ಎಂದು ಬಿಡಿಸಿ ಹೇಳಿ. ಹಾಲು ಕರೆಯುವ ಕೈ ಅದು. ಅನುಮಾನ ಬಂದ ಜಾಗದ ಹತ್ತಿರ ರಟ್ಟಿನ ತುಂಡನ್ನು ಹಿಡಿದು ನೋಡಿದರೆ ಸಾಕು.

ಯಾವ ಸೋರಿಕೆಗೆ ಯಾವ ರಿಪೇರಿ?

ಯಾವುದನ್ನೇ ಬಿಚ್ಚುವ ಮೊದಲು ಎಂಜಿನ್ ಆರಿಸಿ, ಸ್ಟೀರಿಂಗನ್ನು ಎರಡೂ ಕಡೆ ಕೆಲವು ಸಲ ತಿರುಗಿಸಿ. ಒಳಗಿನ ಒತ್ತಡ ಇಳಿಯುತ್ತದೆ.

1. ಹೋಸ್ ಸೇರುವ ನಟ್ಟಿನ ಬಳಿ: ಇದು ಎಲ್ಲಕ್ಕಿಂತ ಸುಲಭ. ಹದವಾಗಿ ಬಿಗಿಮಾಡಿ ನೋಡಿ. ನಿಲ್ಲದಿದ್ದರೆ ಬಿಚ್ಚಿ, ಒಳಗಿನ ತಾಮ್ರದ ವಾಷರ್ ಅಥವಾ ರಬ್ಬರ್ ಉಂಗುರವನ್ನು ಹೊಸದು ಹಾಕಿ. ಹಳೆಯ ವಾಷರ್ ಮೇಲೆ ಇನ್ನಷ್ಟು ಬಿಗಿದರೆ ಮರೆ ಹಾಳಾಗುತ್ತದೆ.

2. ಹೋಸ್ ಮೈಯಲ್ಲಿ: ರಬ್ಬರ್ ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ, ಒಳಗಿನ ತಂತಿ ಕಾಣುತ್ತಿದ್ದರೆ ಹೋಸ್ ಬದಲಿಸಲೇಬೇಕು. ಹಳೆಯದನ್ನು ಹೈಡ್ರಾಲಿಕ್ ಹೋಸ್ ಅಂಗಡಿಗೆ ಒಯ್ದರೆ ಅದೇ ಅಳತೆಗೆ ಯಂತ್ರದಲ್ಲಿ ತುದಿ ಒತ್ತಿ ಕೊಡುತ್ತಾರೆ. ನೀರಿನ ಪೈಪು, ಕ್ಲಿಪ್ಪು ಬೇಡ.

3. ಸಿಲಿಂಡರಿನ ಬಾಯಲ್ಲಿ: ಒಳಗಿನ ಆಯಿಲ್ ಸೀಲ್ ಸವೆದಿದೆ. ಹಾಲು ಕರೆಯುವ ಯಂತ್ರದ ಲೈನರ್ ಕಾಲಕ್ರಮದಲ್ಲಿ ಗಟ್ಟಿಯಾಗುವ ಹಾಗೆ ಇದೂ ಗಟ್ಟಿಯಾಗುತ್ತದೆ. ಆ ಮಾಡೆಲ್‌ನ ಸೀಲ್ ಕಿಟ್ ಹಾಕಿಸಬೇಕು. ಅದಕ್ಕೂ ಮೊದಲು ಹೊಳೆಯುವ ರಾಡಿನ ಮೇಲೆ ಬಟ್ಟೆ ಎಳೆದು ನೋಡಿ. ತುಕ್ಕು ಅಥವಾ ಗೀರಿಗೆ ಬಟ್ಟೆ ಸಿಕ್ಕಿಕೊಂಡರೆ ರಾಡನ್ನೂ ಸರಿಮಾಡಿಸಬೇಕು, ಇಲ್ಲವಾದರೆ ಹೊಸ ಸೀಲೂ ಬೇಗ ಹರಿಯುತ್ತದೆ.

4. ಸ್ಟೀರಿಂಗ್ ಕಂಬದ ಬುಡದಲ್ಲಿ ಅಥವಾ ಪಂಪಿನಲ್ಲಿ: ಇದು ಅನುಭವಿ ಮೆಕ್ಯಾನಿಕ್ ಕೆಲಸ. ಒಂದು ಮಾತು ನೆನಪಿಡಿ. ನೆಲದ ಮೇಲೆ ಹನಿ ಇಲ್ಲ, ಆದರೂ ಸ್ಟೀರಿಂಗ್ ಆಯಿಲ್ ಇಳಿಯುತ್ತಿದೆ, ಎಂಜಿನ್ ಆಯಿಲ್ ಕಡ್ಡಿಯಲ್ಲಿ ಮಟ್ಟ ಏರುತ್ತಿದೆ ಎಂದರೆ ಪಂಪಿನ ಸೀಲ್ ಹೋಗಿ ಆಯಿಲ್ ಎಂಜಿನ್ನಿಗೆ ಸೇರುತ್ತಿರಬಹುದು. ಆಗ ಟ್ರ್ಯಾಕ್ಟರ್ ಓಡಿಸಬೇಡಿ.

ದಿನವೂ ಆಯಿಲ್ ತುಂಬಿಸಿಕೊಂಡು ಓಡಿಸುವುದು, ಕೆಚ್ಚಲು ಬಾವಿಗೆ ಚಿಕಿತ್ಸೆ ಕೊಡದೆ ಬರೀ ಜ್ವರಕ್ಕೆ ಔಷಧಿ ಹಾಕಿದಂತೆ. ಆಯಿಲ್ ಹಾಕುವಾಗ ಮಾಡೆಲ್ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳೆಲ್ಲ ಊದಿ ಹಾಳಾಗುತ್ತವೆ.

ರಿಪೇರಿ ಆದ ಮೇಲೆ ಒಳಗಿನ ಗಾಳಿ ತೆಗೆಯಬೇಕು. ಮುಂದಿನ ಗಾಲಿಗಳು ನೆಲ ಬಿಡುವಂತೆ ಜಾಕ್ ಕೊಟ್ಟು, ಆಕ್ಸೆಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟು, ಎಂಜಿನ್ ನಿಧಾನಕ್ಕೆ ಓಡಿಸುತ್ತಾ ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ಹಲವು ಸಲ ತಿರುಗಿಸಿ. ಕೊನೆಯಲ್ಲಿ ಒತ್ತಿ ಹಿಡಿಯಬೇಡಿ. ಮಟ್ಟ ಇಳಿದಂತೆ ಆಯಿಲ್ ಸೇರಿಸಿ. ನೊರೆ, ಗೊರಗೊರ ಸದ್ದು ನಿಂತರೆ ಗಾಳಿ ಹೋಗಿದೆ ಎಂದರ್ಥ.

ಹಸು ಆಯಿಲ್ ನೆಕ್ಕಿದ್ದರೆ

ಬಾಯಾರಿದ, ಉಪ್ಪು ಖನಿಜ ಸಾಲದ ಹಸುಗಳು ಏನು ಸಿಕ್ಕರೂ ನೆಕ್ಕುತ್ತವೆ. ಆಯಿಲ್ ಒಳಗೆ ಹೋದರೆ ಮೇವು ಬಿಡುವುದು, ಹೊಟ್ಟೆ ಉಬ್ಬರ, ಮೆಲುಕು ನಿಲ್ಲುವುದು, ಕೆಮ್ಮು, ಹಾಲು ಇಳಿಯುವುದು ಕಾಣಬಹುದು. ಬಾಯಿ, ಸಗಣಿಯಲ್ಲಿ ಆಯಿಲ್ ವಾಸನೆ ಬರುತ್ತದೆ. ದೊಡ್ಡ ಅಪಾಯ ಹೊಟ್ಟೆಗಿಂತ ಶ್ವಾಸಕೋಶದ್ದು. ಆಯಿಲ್ ಉಸಿರಿನ ದಾರಿಗೆ ಜಾರಿದರೆ ನ್ಯುಮೋನಿಯಾ ಆಗುತ್ತದೆ.

ಆದ್ದರಿಂದ ಗೊಟ್ಟ ಹಾಕಬೇಡಿ. ಅಡುಗೆ ಎಣ್ಣೆ, ಮಜ್ಜಿಗೆ, ಬೆಲ್ಲದ ನೀರು ಏನನ್ನೂ ಬಾಯಿಗೆ ಸುರಿಯಬೇಡಿ. ಹಸುವನ್ನು ಅಲ್ಲಿಂದ ಬೇರೆ ಕಟ್ಟಿ, ಮೈಗೆ ಆಯಿಲ್ ತಾಗಿದ್ದರೆ ಸೋಪು ನೀರಿನಿಂದ ತೊಳೆದು, ನಿಮ್ಮ ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ. ಯಾವ ಆಯಿಲ್, ಎಷ್ಟು, ಎಷ್ಟು ಹೊತ್ತಿಗೆ ಎಂದು ಹೇಳಿ, ಡಬ್ಬಿ ಇದ್ದರೆ ತೋರಿಸಿ. ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಗೂ ಬಳಸಬೇಡಿ.

ಸೋರಿದ ಆಯಿಲ್ಲನ್ನು ಉಣ್ಣೆಗೆ, ಗಾಯಕ್ಕೆ, ಕಜ್ಜಿಗೆ ಹಚ್ಚುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಬಿಡಿ. ಅದು ಚರ್ಮವನ್ನು ಸುಡುತ್ತದೆ, ಹಸು ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ನೆಲದ ಕಲೆಯ ಮೇಲೆ ಬೂದಿ ಅಥವಾ ಮರದ ಹೊಟ್ಟು ಹರಡಿ, ಹೀರಿದ ಮೇಲೆ ಗುಡಿಸಿ ಮುಚ್ಚಳದ ಡಬ್ಬದಲ್ಲಿಡಿ. ತಿಪ್ಪೆಗೆ ಹಾಕಿದರೆ ಅದು ಗೊಬ್ಬರದ ಜೊತೆ ಮೇವಿನ ಹೊಲಕ್ಕೇ ಹೋಗುತ್ತದೆ. ಆಯಿಲ್ ತಾಗಿದ ಮೇವನ್ನು ಒಳ್ಳೆಯ ಮೇವಿನ ಜೊತೆ ಬೆರೆಸಿ ಹಾಕದೆ ಪೂರ್ತಿ ತೆಗೆದುಬಿಡಿ.

ರಿಪೇರಿ ಆಗುವವರೆಗೆ ಟ್ರ್ಯಾಕ್ಟರನ್ನು ಕೊಟ್ಟಿಗೆ, ನೀರಿನ ತೊಟ್ಟಿ, ಮೇವಿನ ಬಣವೆಯಿಂದ ದೂರ ನಿಲ್ಲಿಸಿ, ಕೆಳಗೆ ಒಂದು ತಗಡಿನ ತಟ್ಟೆ ಇಡಿ. ಟ್ರೈಲರ್ ಕಟ್ಟಿ ರಸ್ತೆಗೆ ಇಳಿಸಬೇಡಿ. ಸೋರಿಕೆ ವಾಷರ್‌ನಲ್ಲಿದ್ದಾಗಲೇ ಸರಿಮಾಡಿಸಿದರೆ ಖರ್ಚು ಸಣ್ಣದು.