ರಾಜ್ಯಕ್ಕಿಂತ ಮೊದಲೇ ಮೂಡಿದ ತಾಯಿ

ನಂಬುತ್ತೀರಾ? ಕನ್ನಡಿಗರ ರಾಜ್ಯ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ ಅದರ ತಾಯಿಯ ಚಿತ್ರ ಗದಗಿನಲ್ಲಿ ಸಿದ್ಧವಾಗಿತ್ತು! ಇಸವಿ 1953. ಬರೆದವರು ಗದಗಿನ ಕಲಾವಿದ ಸಿ.ಎನ್. ಪಾಟೀಲ. ಬರೆಸಿದವರು ನರೇಗಲ್ ಬಳಿಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ. ಚಿತ್ರದಲ್ಲಿದ್ದವಳು ಭುವನೇಶ್ವರಿ.

ಇದರಲ್ಲೇನು ಸೋಜಿಗ ಎನ್ನಬೇಡಿ. ಗದಗ-ಬೆಟಗೇರಿಯಿಂದ ಚಕ್ಕಡಿ ಹೂಡಿಕೊಂಡು ಹೊರಟ ಒಬ್ಬ ರೈತನನ್ನು ನೆನೆಯಿರಿ. ಸ್ವಾತಂತ್ರ್ಯಕ್ಕೆ ಮುಂಚಿನ ಕಾಲ. ಹೊರಟ ಊರು ಇಂಗ್ಲಿಷರ ಮುಂಬಯಿ ಪ್ರಾಂತ. ತೆಂಕಣಕ್ಕೆ ಹೊರಳಿ ಶಿರಹಟ್ಟಿ ಮುಟ್ಟಿದರೆ ಅದು ಸಾಂಗಲಿ ಸಂಸ್ಥಾನ. ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಹೋದರೆ ಮಿರಜ ಸಂಸ್ಥಾನ. ಮುಂಡರಗಿಗೆ ಬಂದರೆ ಮತ್ತೆ ಇಂಗ್ಲಿಷರ ಆಳ್ವಿಕೆ; ಅದರಾಚೆಯ ಕೊಪ್ಪಳ ಹೈದರಾಬಾದ್ ನಿಜಾಮನದು. ಎತ್ತು ಅವೇ, ಮಾತು ಅದೇ, ರೊಟ್ಟಿ ಅದೇ, ಸರಕಾರ ಮಾತ್ರ ಊರಿಗೊಂದು! 1858ರಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದ ಮುಂಡರಗಿ ಭೀಮರಾಯ ಕೊನೆಯುಸಿರೆಳೆದದ್ದು ಕೊಪ್ಪಳದ ಕೋಟೆಯಲ್ಲಿ, ಅಂದರೆ ಬೇರೊಬ್ಬ ದೊರೆಯ ಸೀಮೆಯಲ್ಲಿ.

ಇನ್ನೂ ಒಂದಿದೆ. ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೆಸರು ಹಿಡಿದು ಹೇಳುವ ನಾಲ್ಕು ಊರುಗಳಲ್ಲಿ ಅದೂ ಒಂದು, ಕೊಪ್ಪಳವೂ ಒಂದು. ತನ್ನ ಕಾವ್ಯದ ನುಡಿ ಪುಲಿಗೆರೆಯದು ಎಂದು ಪಂಪ ಹೆಮ್ಮೆಪಟ್ಟ. ಆ ತಿರುಳಿನ ಒಂದು ತುಂಡು ಮರಾಠಿ ದರಬಾರಿನ ಕೈಯಲ್ಲಿ, ಇನ್ನೊಂದು ತುಂಡು ಉರ್ದು ದರಬಾರಿನ ಕೈಯಲ್ಲಿ! ನಕ್ಷೆ ನೋಡಿದಾಗಲೆಲ್ಲ ನನಗೆ ಇದು ದಂಗುಬಡಿಸುತ್ತದೆ.

ಸಂಸ್ಥಾನಗಳು 1948ರಲ್ಲಿ ವಿಲೀನಗೊಂಡವು, ಸರಿ. ಆದರೂ 1953ರಲ್ಲಿ ಕನ್ನಡಿಗರು ಮುಂಬಯಿ, ಹೈದರಾಬಾದ್, ಮದ್ರಾಸು, ಮೈಸೂರು, ಕೊಡಗು ಎಂದು ಹಂಚಿಹೋಗಿಯೇ ಇದ್ದರು. ದೊಡ್ಡಮೇಟಿಯವರು 1947ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಏಕೀಕರಣದ ನಿರ್ಣಯ ಮಂಡಿಸಿದವರು. ಸಭೆಯಲ್ಲಿ ನಿರ್ಣಯ ಓದಿದ ಮನುಷ್ಯ ಆಮೇಲೆ ಚಿತ್ರಗಾರನ ಬಳಿಗೆ ಹೋದನಲ್ಲ, ಆ ಬುದ್ಧಿಗೆ ಏನೆನ್ನಬೇಕು! ಹೊಲದಲ್ಲಿ ದುಡಿಯುವವನಿಗೆ, ಬೆಟಗೇರಿಯ ಮಗ್ಗದ ಮುಂದೆ ಕುಳಿತವನಿಗೆ ನಿರ್ಣಯದ ಕಾಗದ ಏನು ಹೇಳೀತು? ತಾಯಿಯ ಮುಖವಾದರೆ ನೋಡಿದವನಿಗೆಲ್ಲ ಮಾತಾಡುತ್ತದೆ.

ಭುವನೇಶ್ವರಿ ಹೊಸ ದೇವತೆಯಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಆವರಣದಲ್ಲಿ ಅವಳಿದ್ದಾಳೆ, ಸಿದ್ದಾಪುರದ ಭುವನಗಿರಿಯಲ್ಲಿದ್ದಾಳೆ. ಆದರೆ ಗುಡಿಯ ದೇವಿಯನ್ನು ಇಡೀ ನಾಡಿನ ತಾಯಿಯಾಗಿ ಬಣ್ಣದಲ್ಲಿ ಮೂಡಿಸುವುದು ಬೇರೆಯೇ ಕೆಲಸ. ಪಾಟೀಲರ ಚಿತ್ರವೇ ಅಂಥ ಮೊದಲನೆಯದೆಂದು ಗದಗ ಸೀಮೆಯವರು ಎದೆತಟ್ಟಿ ಹೇಳುತ್ತಾರೆ. ಬಂಗಾಳದಲ್ಲಿ ಅವನೀಂದ್ರನಾಥ ಠಾಕೂರರು ಕಾವಿ ಉಟ್ಟ, ನಾಲ್ಕು ಕೈಗಳ ಭಾರತಮಾತೆಯನ್ನು ಬರೆದದ್ದು 1905ರಲ್ಲಿ, ಬಂಗಾಳವನ್ನು ಕರ್ಜನ್ ಒಡೆದ ವರ್ಷ. ಅಲ್ಲಿ ನಾಡು ಒಡೆದಾಗ ತಾಯಿ ಮೂಡಿದಳು. ಇಲ್ಲಿ ನಾಡು ಕೂಡಲಿ ಎಂದು ಮೂಡಿದಳು. ಅವನೀಂದ್ರರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಪಾಟೀಲರ ಹೆಸರು?

ಅದೇ 1953ರ ಮಾರ್ಚಿನಲ್ಲಿ ಅದರಗುಂಚಿಯ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕುಳಿತರು. ಏಪ್ರಿಲ್‌ನಲ್ಲಿ ಹುಬ್ಬಳ್ಳಿ ಹೊತ್ತಿ ಉರಿಯಿತು. 1956ರ ನವೆಂಬರ್ 1ಕ್ಕೆ ರಾಜ್ಯ ಬಂತು, ಮೈಸೂರು ಎಂಬ ಹೆಸರಿನಲ್ಲಿ. ‘ಕರ್ನಾಟಕ’ ಎಂಬ ಹೆಸರು ಬರಲು 1973ರ ನವೆಂಬರ್ ಆಗಬೇಕಾಯಿತು. ದೊಡ್ಡಮೇಟಿಯವರು ತೀರಿಕೊಂಡದ್ದು 1972ರಲ್ಲಿ. ಒಂದೇ ವರ್ಷ ತಪ್ಪಿತು!

ಗದಗಿನ ಪಾಲು ಇಷ್ಟಕ್ಕೇ ಮುಗಿಯುವುದಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ನಾಡಹಾಡು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನಲ್ಲೇ ವಕೀಲಿ ಮಾಡುತ್ತಿದ್ದವರು. ಹಾಡೂ ಇಲ್ಲಿಂದ, ಚಿತ್ರವೂ ಇಲ್ಲಿಂದ. ವೀರನಾರಾಯಣನ ಗುಡಿಯ ಕುಮಾರವ್ಯಾಸನನ್ನು ನಾನು ಇನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ.

ಹಾಡು ಬರೆದವರನ್ನು ನಾವು ಮರೆತಿಲ್ಲ, ಒಳ್ಳೆಯದು. ಚಿತ್ರ ಬರೆದವರನ್ನು ಮಾತ್ರ ಗದಗ ದಾಟಿದರೆ ಕೇಳುವವರಿಲ್ಲ. ಇದು ಸರಿಯಲ್ಲ. ಆ ಚಿತ್ರವನ್ನು ಜಕ್ಕಲಿಯ ದೊಡ್ಡಮೇಟಿ ಮನೆತನದವರು ಕಾಪಾಡಿಕೊಂಡು ಬಂದಿದ್ದಾರೆ. ಬರುವ ನವೆಂಬರ್ 1ರಂದು ನಿಮ್ಮೂರ ಪೆಂಡಾಲಿನಲ್ಲಿ ಭುವನೇಶ್ವರಿಗೆ ಹೂಮಾಲೆ ಹಾಕುವಾಗ ಮೈಕಿನಲ್ಲಿ ಒಂದು ಹೆಸರು ಹೇಳಿ: ಗದಗಿನ ಸಿ.ಎನ್. ಪಾಟೀಲ.